ನಾಲ್ಕು ತಾಲ್ಲೂಕಿನ ಕುಡುಕರು

ಶಿಬಿರದ ಕೊನೆಯ ಸಂಜೆ ಬೆಂಕಿ ಹಾಕಿ ಮಕ್ಕಳೆಲ್ಲ ಸುತ್ತ ಕೂರುವುದು ನೋಡುವವರಿಗೆ ಚೆಂದ. ಅದಕ್ಕೆ ಕಾರ್ಯಕ್ರಮ ಹೊಂದಿಸುವವಳ ಪಾಡು ಮಾತ್ರ ಯಾರಿಗೂ ಬೇಡ. ಹೈಸ್ಕೂಲು ಟೀಚರಾದ ನಾನು ಒಂದು ವರ್ಷ ಬಾಯಿತಪ್ಪಿ ಹೂಂ ಅಂದೆ. ಅಂದಿನಿಂದ ಅದನ್ನು ನನ್ನ ತಲೆಗೇ ಕಟ್ಟುತ್ತಿದ್ದಾರೆ.

ಈ ಸಲದ ಶಿಬಿರ ಹೊಳೆನರಸೀಪುರದ ಹೊರಗೆ, ಒಂದು ಶಾಲೆಯ ಮೈದಾನದಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯ ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಬಂದಿದ್ದರು. ನನ್ನ ಯೋಜನೆ ಸರಳವಾಗಿತ್ತು. ಉರಿ ಜೋರಾಗಿರುವಾಗ ಚಪ್ಪಾಳೆ, ಕೂಗಾಟದ ಹಾಡು. ನಡುವೆ ತಂಡಕ್ಕೊಂದು ಚಿಕ್ಕ ನಾಟಕ. ಬೆಂಕಿ ಕೆಂಡವಾಗುತ್ತ ಬಂದಂತೆ ಮೆಲುದನಿಯ ಹಾಡು, ಆಮೇಲೆ ಎಲ್ಲರೂ ಮನೆಗೆ. ಇಷ್ಟು ಹೇಳಿದ್ದೇ ತಡ, ಸಂಘಟಕರು ಸ್ವಾಗತ ಭಾಷಣ ಎಲ್ಲಿ ಮೇಡಂ ಎಂದರು. ಅತಿಥಿಗಳಿಗೆ ಶಾಲು ಹೊದಿಸುವುದು ಯಾವಾಗ ಎಂದರು. ಬೆಂಕಿಯ ಮುಂದೆ ಕೂತವರಿಗೆ ಶಾಲು ಯಾಕೆ ಸ್ವಾಮಿ ಎಂದು ಕೇಳಿದೆ. ಅವರಿಗೆ ನಗು ಬರಲಿಲ್ಲ. ಹಾಸನದ ಮಕ್ಕಳಿಗೆ ಸ್ಪೀಕರ್ ಬೇಕಂತೆ, ಸಿನಿಮಾ ಹಾಡಿಗೆ ಕುಣಿಯಬೇಕಂತೆ. ಸೌದೆ ನಮ್ಮದು ಎಂದು ಒಪ್ಪಿಕೊಂಡ ಚನ್ನರಾಯಪಟ್ಟಣದವರು ಹಸಿ ತೆಂಗಿನ ಮಟ್ಟೆ ತಂದು ಸುರಿದಿದ್ದರು. ಅದು ಉರಿಯುವುದಿಲ್ಲ, ಬರೀ ಹೊಗೆಯಾಡುತ್ತದೆ.

ಇದನ್ನೆಲ್ಲ ಹೇಗೋ ಸಹಿಸಿಕೊಂಡೆ. ನನ್ನ ತಾಳ್ಮೆ ಕೆಟ್ಟಿದ್ದು ನಾಟಕಗಳಿಂದ. ಹಿಂದಿನ ದಿನವೇ ಒಮ್ಮೆ ಆಡಿ ತೋರಿಸಿ, ಮಕ್ಕಳಿಗೆ ತಕ್ಕಂತಿದ್ದರೆ ಮಾತ್ರ ಬಿಡುತ್ತೇನೆ ಎಂದಿದ್ದೆ. ಹಾಸನದವರದು ಪರಿಸರದ ನಾಟಕ, ಗಿಡ ನೆಡುವಲ್ಲಿಗೆ ಒಬ್ಬ ಕುಡುಕ ತೂರಾಡುತ್ತ ಬಂದ. ಹೊಳೆನರಸೀಪುರದವರದು ಮೊಬೈಲಿನ ಚಟದ ಕಥೆ, ಅಲ್ಲೂ ಒಬ್ಬ ಕುಡುಕ ಬಂದು ಫೋನು ಕಿತ್ತುಕೊಂಡ. ಚನ್ನರಾಯಪಟ್ಟಣದವರು ಯಮಲೋಕವನ್ನೇ ತಂದರು, ಅಲ್ಲಿ ಯಮನೇ ಕುಡಿದಿದ್ದ. ಕೊನೆಗೆ ಅರಕಲಗೂಡಿನ ತಂಡ ಎದ್ದು ಬಂತು.

‘ನಿಮ್ಮದರಲ್ಲೂ ಕುಡುಕ ಇದಾನೇನ್ರೋ?’ ಎಂದೆ.

‘ನಮ್ದು ಅವುನ್ದೇ ಕತೆ ಮಿಸ್.’

ಕುಡುಕ ಇರುವ ನಾಟಕ ಒಂದೂ ಬೇಡ ಎಂದುಬಿಟ್ಟೆ. ‘ಕುಡುಕ ಇಲ್ದಲೆ ಜನ ಎಂಗ್ ನಗ್ತಾರೆ ಮಿಸ್?’ ಎಂದು ಹುಡುಗನೊಬ್ಬ ನಿಜವಾದ ಚಿಂತೆಯಿಂದ ಕೇಳಿದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅರಕಲಗೂಡಿನ ತಂಡದ ಕುಡುಕ ಒಬ್ಬಳು ಹುಡುಗಿ, ರಾಮನಾಥಪುರದ ಕಡೆಯವಳು. ಅವಳ ಅಪ್ಪ ಕುಡಿಯುತ್ತಾನೆಂದು ಅವಳ ಟೀಚರು ನನ್ನ ಕಿವಿಯಲ್ಲಿ ಹೇಳಿದ್ದರು. ನಾನು ಅಷ್ಟು ಖಡಾಖಂಡಿತವಾಗಿ ಬೇಡ ಎನ್ನಲು ಅದೂ ಒಂದು ಕಾರಣ. ನಾನು ಆ ರಾಶಿಯಲ್ಲಿದ್ದ ನಾಲ್ಕಾರು ಒಣ ಮಟ್ಟೆಗಳನ್ನು ಬೇರೆ ಮಾಡುತ್ತಿದ್ದಾಗ ಅವಳು ಒಬ್ಬಳೇ ಬಂದಳು.

‘ನಮ್ದೊಂದ್ ಬುಡಿ ಮಿಸ್.’

‘ಯಾಕೆ, ನಿಮ್ಮದೇನು ಸ್ಪೆಷಲ್ಲಾ?’

‘ನಾಳೆ ನಮ್ಮಪ್ಪನ್ನ ಬಾ ಅಂತ ಏಳಿವ್ನಿ. ಅಪ್ಪ ನೋಡ್ಲಿ ಅಂತ್ಲೇ ನಾನು ಮಾಡ್ತಿರಾದು. ಕುಡ್ದಾಗ ಏಳುದ್ರೆ ವಡೀತದೆ. ಕುಡೀದೆ ಇದ್ದಾಗ ಏಳುದ್ರೆ, ನಾನ್ಯಾವಾಗ ಅಂಗ್ ಮಾಡ್ದೆ ಅಂತದೆ.’

‘ನೋಡಿ ನಿನ್ನ ಮೇಲೆ ಸಿಟ್ಟಾದ್ರೆ?’

‘ಆಗ್ಲಿ ಮಿಸ್. ಗೊತ್ತಾದ್ರೆ ಸಾಕು.’

ನನಗೆ ಎಲ್ಲರ ಮೇಲೂ ಕೋಪ ಬಂತು. ಕಂಡಿರದ ಆ ಅಪ್ಪನ ಮೇಲೆ, ಕಿವಿಯಲ್ಲಿ ಹೇಳಿ ಕೈ ತೊಳೆದುಕೊಂಡ ಟೀಚರ ಮೇಲೆ, ಇಂಥದ್ದನ್ನು ತಂದು ನನ್ನ ಮಡಿಲಿಗೆ ಹಾಕಿದ ಈ ಹುಡುಗಿಯ ಮೇಲೂ. ಆದರೂ ಹೂಂ ಅಂದೆ. ತಕ್ಷಣ ಉಳಿದ ಮೂರು ತಂಡದವರು ಭೇದ ಮಾಡುತ್ತೀರಿ ಎಂದು ಮುಗಿಬಿದ್ದರು. ಅವರಿಗೆ ಕಾರಣ ಹೇಳುವ ಹಾಗಿರಲಿಲ್ಲ. ನಾಲ್ಕು ಕುಡುಕರೂ ಕಾರ್ಯಕ್ರಮಕ್ಕೆ ವಾಪಸು ಬಂದರು.

ಮರುದಿನ ಹೊತ್ತು ಮುಳುಗುತ್ತಲೇ ಬೆಂಕಿ ಹಚ್ಚಿದೆವು. ಭಾಷಣಗಳು ಮುಗಿಯುವಷ್ಟರಲ್ಲಿ ಅತಿಥಿಗಳು ಹೊದ್ದ ಶಾಲಿನಲ್ಲೇ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದರು. ಹುಡುಗಿಯ ಅಪ್ಪ ಬಂದಿದ್ದ. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮುಂದೆಯೇ ಕೂತಿದ್ದ.

ಮೂವರು ಕುಡುಕರು ಬಿದ್ದು ಹೊರಳಾಡಿ ಜನರನ್ನು ನಗಿಸಿ ಹೋದರು. ಇವಳು ಬೀಳಲಿಲ್ಲ. ದೊಗಳೆ ಅಂಗಿ ತೊಟ್ಟು, ಒಂದೊಂದೇ ಹೆಜ್ಜೆ ನೋಡಿಕೊಂಡು ಇಟ್ಟು ಬಂದಳು. ಬಾಗಿಲಲ್ಲಿ ನಿಂತು ಚಪ್ಪಲಿಗಳನ್ನು ಜೋಡಿಸಲು ಹೆಣಗಿದಳು. ತಟ್ಟೆಯ ಮುಂದೆ ಕೂತು, ‘ಸಾರು ಬುಡು ಮಗಾ’ ಎಂದು ಪ್ರೀತಿಯಿಂದ ಕೇಳಿದಳು. ಮಗಳ ಪಾತ್ರದ ಹುಡುಗಿ ಬಗ್ಗಿ ಬಡಿಸುವಾಗ ಇವಳು ತಟ್ಟೆ ಎತ್ತಿ ಅವಳ ಮುಖಕ್ಕೆ ಎಸೆದಳು. ನಗುತ್ತಿದ್ದ ಮಕ್ಕಳು ಸುಮ್ಮನಾದರು. ಮುಂದೆ ಕೂತಿದ್ದ ಅವಳಪ್ಪ ಮಾತ್ರ ತೊಡೆ ತಟ್ಟಿಕೊಂಡು ನಗುತ್ತಿದ್ದ.

ಕೊನೆಯ ಹಾಡು ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಅವನೇ ನನ್ನ ಹತ್ತಿರ ಬಂದ. ಮುಖದಲ್ಲಿ ಹೆಮ್ಮೆಯಿತ್ತು.

‘ಆ ಅಂಗಿ ನಂದೇಯ ಮೇಡಮ್ಮೋರೇ’ ಎಂದ. ‘ಅಲ್ಲಾ, ಅದ್ಯಾವ ಕುಡುಕುನ್ನ ನೋಡಿ ಕಲ್ತ್ಕಂಡ್ಳೋ ಕಾಣೆ.’

ನಿನ್ನನ್ನೇ ಕಣಯ್ಯಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ನನ್ನ ಮುಖ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು.

‘ನಡಿಯಪ್ಪ, ಬಸ್ ಒಂಟೋಯ್ತದೆ’ ಎಂದಳು.

ಅವನು ಆ ಸಂಜೆ ಒಂದು ಹನಿಯನ್ನೂ ಕುಡಿದಿರಲಿಲ್ಲ, ನೆಟ್ಟಗೇ ನಡೆಯುತ್ತಿದ್ದ. ಆದರೂ ಗೇಟು ದಾಟುವವರೆಗೂ ಅವಳು ಅವನ ಮೊಣಕೈ ಹಿಡಿದುಕೊಂಡೇ ಹೋದಳು.