ಸೀತಾಫಲದ ಬೀಜ ಎಲ್ಲಿ ಉಗುಳುವುದು

ನಾಲ್ಕು ಜನರ ಎದುರು ಸೀತಾಫಲ ತಿನ್ನುವುದು ನನ್ನಿಂದ ಆಗದ ಕೆಲಸ. ಬೇರೆ ಹಣ್ಣುಗಳು ಇಷ್ಟು ತೊಂದರೆ ಕೊಡುವುದಿಲ್ಲ. ಬಾಳೆಹಣ್ಣನ್ನು ಮಾತಾಡುತ್ತಲೇ ಮುಗಿಸಬಹುದು. ದಾಳಿಂಬೆಯನ್ನು ಬಿಡಿಸಿ ಬಟ್ಟಲಿಗೆ ಹಾಕಿಕೊಂಡು ಚಮಚದಲ್ಲಿ ತಿಂದರೆ ನೋಡುವವರಿಗೂ ಓದಿದವಳ ಹಾಗೆ ಕಾಣುತ್ತದೆ. ಸೀತಾಫಲಕ್ಕೆ ಮರ್ಯಾದೆಯ ದಾರಿಯೇ ಇಲ್ಲ. ತೊಳೆಗೊಂದು ಬೀಜ, ಬೀಜಕ್ಕೊಂದು ಉಗುಳು. ನುಂಗುವ ಹಾಗಿಲ್ಲ, ಕಡಿಯುವ ಹಾಗಂತೂ ಇಲ್ಲವೇ ಇಲ್ಲ. ಆದ್ದರಿಂದ ನಾನು ಅದನ್ನು ಇಂಡಿ ಊರಿನ ನನ್ನ ಬಾಡಿಗೆ ಕೋಣೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡು ತಿನ್ನುತ್ತೇನೆ.

ಕೋಣೆ ಸಣ್ಣದು. ಒಂದು ಮಂಚ, ಒಂದು ತಾಟು, ಎರಡು ಲೋಟ. ಎರಡನೆಯ ಲೋಟವನ್ನು ಬಂದವರಿಗೆಂದು ತಂದಿದ್ದೆ. ಅದರ ಮೇಲಿನ ಅಂಗಡಿಯ ಚೀಟಿ ಇನ್ನೂ ಕಿತ್ತಿಲ್ಲ.

ಇಲ್ಲಿನ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನಾದ್ದರಿಂದ ಸೀತಾಫಲದ ಮೇಲೆ ನನಗೆ ವೃತ್ತಿಯ ಗೌರವವೂ ಇದೆ. ಸಾಮಾನ್ಯವಾಗಿ ಒಂದು ಹೂವಿಗೆ ಒಂದು ಅಂಡಾಶಯ, ಅದು ಬೆಳೆದರೆ ಒಂದು ಹಣ್ಣು. ಮಾವು, ಬೋರೆ, ನಿಂಬೆ ಎಲ್ಲ ಈ ಪೈಕಿ. ನಿಂಬೆಯ ಸೀಮೆಯಾದ ಇಂಡಿಯಲ್ಲಿ ಅದರ ಉದಾಹರಣೆ ಕೊಡದೆ ಯಾವ ಪಾಠವನ್ನೂ ಮುಗಿಸಲು ಬರುವುದಿಲ್ಲ. ಸೀತಾಫಲದ ಸಂಸಾರ ಬೇರೆ. ಅದರ ಹೂವನ್ನು ಹೂವೆಂದು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ತಲೆ ತಗ್ಗಿಸಿ ನಿಂತ ಮೂರು ದಪ್ಪ ಹಸಿರು ಎಸಳು, ಅಷ್ಟೇ. ಯಾರೂ ಮುಡಿಯುವುದಿಲ್ಲ, ದೇವರಿಗೂ ಏರಿಸುವುದಿಲ್ಲ. ಆದರೆ ಎಸಳು ಬಿಡಿಸಿ ನೋಡಿದರೆ ಒಳಗೆ ಸಂತೆ ನೆರೆದಿರುತ್ತದೆ: ಒಂದೇ ಪೀಠದ ಮೇಲೆ ಹತ್ತಾರು ಪುಟ್ಟ ಅಂಡಾಶಯಗಳು, ಒಂದಕ್ಕೊಂದು ಅಂಟದೆ ಕೂತಿರುತ್ತವೆ. ಪ್ರತಿಯೊಂದಕ್ಕೂ ಪರಾಗ ಬೇರೆಯಾಗಿಯೇ ಸಿಗಬೇಕು. ಸಿಕ್ಕಿದ್ದು ಉಬ್ಬುತ್ತದೆ. ಉಬ್ಬುತ್ತ ಉಬ್ಬುತ್ತ ಪಕ್ಕದ್ದಕ್ಕೆ ತಾಗುತ್ತದೆ. ಕೊನೆಗೆ ಸರಿಯಲು ಜಾಗವಿಲ್ಲದೆ ಎಲ್ಲ ಸೇರಿ ಒಂದು ಹಣ್ಣಾಗುತ್ತವೆ. ಪುಸ್ತಕದಲ್ಲಿ ಇದನ್ನು ಪುಂಜಫಲ ಎನ್ನುತ್ತಾರೆ.

ಪರಾಗ ಸಿಗದವು ಚಪ್ಪಟೆಯಾಗಿ ಉಳಿಯುತ್ತವೆ. ಆ ಕಡೆಗೆ ಹಣ್ಣು ಸೊಟ್ಟ. ಬಾಗೇವಾಡಿ ಬಸ್‌ಸ್ಟ್ಯಾಂಡಿನ ಹೊರಗೆ ಬುಟ್ಟಿ ಇಟ್ಟುಕೊಂಡು ಕೂರುವವರು ಸೊಟ್ಟ ಮಗ್ಗುಲನ್ನು ಕೆಳಗೆ ಮಾಡಿ ಹಣ್ಣು ಜೋಡಿಸುತ್ತಾರೆ. ಕನ್ಯೆಯ ಫೋಟೊ ತೆಗೆಯುವವರೂ ಇದನ್ನೇ ಮಾಡುತ್ತಾರೆ.

ಈ ಪಾಠ ಮಾಡಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮಿಸ್, ಅಂದ್ರ ಇದು ಒಂದ ಹಣ್ಣೋ, ಭಾಳ ಹಣ್ಣೋ?”

“ಎರಡೂ ಹೌದು,” ಅಂದೆ.

“ಪರೀಕ್ಷಾದಾಗ ಯಾವ್ದು ಬರೀಬೇಕ್ರಿ?”

ಆ ವಾರ ನನ್ನೆದುರಿಗೂ ಹೆಚ್ಚು ಕಡಿಮೆ ಅದೇ ಪ್ರಶ್ನೆ ಇತ್ತು.

ನಮ್ಮ ಮನೆ ಸಿಂದಗಿಯಲ್ಲಿದೆ. ಅಪ್ಪ, ಅವ್ವ, ನಾನು, ಮೂವರೇ. ಮೂವರೂ ಮಾತು ಕಡಿಮೆ. ದೀಪಾವಳಿಯ ರಜೆಯಲ್ಲಿ ಮುದ್ದೇಬಿಹಾಳದ ಕಡೆಯ ನಾಲತವಾಡದಿಂದ ನನ್ನನ್ನು ನೋಡಲು ಬರುತ್ತಾರೆಂದು ನಿಶ್ಚಯವಾಗಿತ್ತು. ಹುಡುಗ ಮುಳವಾಡ ಏತ ನೀರಾವರಿಯ ಕಾಲುವೆಗಳ ಮೇಲೆ ಇಂಜಿನಿಯರ್. ಅವನ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ತಕರಾರು ಇದ್ದದ್ದು ಮನೆಯ ಬಗ್ಗೆ. ಹುಡುಗನ ಅಪ್ಪ ಸೇರಿ ನಾಲ್ವರು ಅಣ್ಣತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ಸೊಸೆಯಂದಿರು, ಎಲ್ಲರಿಗೂ ಮೇಲೆ ಹುಡುಗನ ಅಜ್ಜಿ, ಎಲ್ಲರ ಬಾಯಲ್ಲಿ ಆಯಿ. ಇಪ್ಪತ್ತಕ್ಕೂ ಮಿಕ್ಕಿದ ಮಂದಿ, ಒಂದೇ ಒಲೆ. ಸಂಬಂಧ ತಂದಿದ್ದ ಹೂವಿನ ಹಿಪ್ಪರಗಿಯ ಹಿರಿಯರನ್ನು ನಾನು ಒಂದೇ ಒಂದು ಮಾತು ಕೇಳಿದ್ದೆ: ಆ ಮನೆಗೆ ಬಾಗಿಲು ಎಷ್ಟು? ಅವರು ಹಿಗ್ಗಿನಿಂದ ಹೇಳಿದರು: “ಮುಂದೊಂದು, ಹಿಂದೊಂದು. ಎರಡೂ ಸಾಗವಾನಿವು ಅದಾವು ನೋಡವ್ವಾ.”

ನಾನು ಕೇಳಿದ್ದು ಒಳಗಿನ ಬಾಗಿಲುಗಳನ್ನು.

“ನೀ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ,” ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಒತ್ತಾಯ ಮಾಡುವ ಅಪ್ಪಂದಿರ ಮಕ್ಕಳಿಗೆ ಜಗಳವಾಡುವ ಅನುಕೂಲವಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ. ನಿರ್ಧಾರ ಪೂರ್ತಿ ನನ್ನದು. ಹೂಂ ಅಂದರೆ ಬಾಕಿ ಆಯುಷ್ಯವೆಲ್ಲ ಇಪ್ಪತ್ತು ಜನರ ನಡುವೆ. ಬ್ಯಾಡ ಅಂದರೆ ಚೀಟಿ ಕೀಳದ ಲೋಟದ ಜೊತೆ.

ಅವ್ವ ಮಾತ್ರ ರೊಟ್ಟಿ ಬಡಿಯುತ್ತ, ಯಾರಿಗೋ ಹೇಳುವಂತೆ ಅಂದಳು: “ದೊಡ್ಡ ಮನಿ ಅಂದ್ರ ಅತ್ತಿ ಹಣ್ಣಿದ್ದಂಗ. ಹೊರಗ ಕೆಂಪಗ, ಬಿಚ್ಚಿದ್ರ ಹುಳ.”

ಅತ್ತಿಯ ಬಗ್ಗೆ ಹಾಗೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅತ್ತಿಯ ಹೂವನ್ನು ಕಂಡವರಿಲ್ಲ ಎನ್ನುತ್ತಾರಲ್ಲ, ಅದು ಹೂವು ಬಿಡದೆ ಇರುವುದಕ್ಕಲ್ಲ. ನಾವು ಕಾಯಿ ಎಂದುಕೊಳ್ಳುವ ಗುಂಡಿನ ಒಳಗೆ, ಬಾಗಿಲು ಮುಚ್ಚಿಕೊಂಡು ಅದು ಹೂ ಬಿಡುತ್ತದೆ. ಆ ಬಾಗಿಲಿನ ಸಂದಿ ಗೊತ್ತಿರುವುದು ಒಂದು ಬಗೆಯ ಸಣ್ಣ ಕಣಜಕ್ಕೆ ಮಾತ್ರ. ನಾವು ಹುಳ ಎಂದು ಹೀಗಳೆಯುವುದು ಅದನ್ನೇ. ಅದು ಬಾರದಿದ್ದರೆ ಬೀಜವಿಲ್ಲ. ಇಷ್ಟು ಖಾಸಗಿಯಾಗಿ ಬದುಕುವ ಗಿಡ ಇನ್ನೊಂದಿರಲಿಕ್ಕಿಲ್ಲ ಎಂದು ನನಗೆ ಬಹಳ ದಿನ ಅಭಿಮಾನವಿತ್ತು. ಮುಚ್ಚಿದ ಬಾಗಿಲ ಹಿಂದೆ ಇರುವುದು ಒಂಟಿ ಹೂವಲ್ಲ, ನೂರಾರು ಎಂಬುದನ್ನು ನಾನು ಮಕ್ಕಳಿಗೆ ಕಲಿಸುತ್ತಿದ್ದೆ, ನನಗೆ ಅನ್ವಯಿಸಿಕೊಂಡಿರಲಿಲ್ಲ. ಅಷ್ಟು ಹೂವು ಸೇರಿ ಒಂದು ಹಣ್ಣು. ಹಲಸು, ಅನಾನಸುಗಳದೂ ಇದೇ ಜಾತಿ. ಸೀತಾಫಲದ್ದು ಒಂದು ಹೂವಿನೊಳಗಿನ ಒಕ್ಕಟ್ಟಾದರೆ ಇವುಗಳದ್ದು ಹಲವು ಹೂವುಗಳ ಕೂಟ.

ನೋಡಲು ಬಂದವರಿಗೆ ಅವಲಕ್ಕಿ, ಚಹಾ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಅದಾದ ಮೇಲೆ ಅಪ್ಪ ತನ್ನದೊಂದು ಸೇರಿಸಿದ. ನಮ್ಮ ಹೊಲದ ಒಡ್ಡಿನ ಮೇಲಿನ ಸೀತಾಫಲ ಆಗಷ್ಟೇ ಕಣ್ಣು ಬಿಟ್ಟು ಮಾಗಿದ್ದವು. ಬುಟ್ಟಿ ತುಂಬ ತಂದು ಕೈಗೊಂದು ಕೊಟ್ಟ. ಬೀಗರಾಗಲಿರುವವರ ಕೈಗೆ ಸೀತಾಫಲ ಕೊಡಬಾರದು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಇಂಥದ್ದು ಯಾರಿಗಾದರೂ ಹೊಳೆದೀತು ಎಂದು ಶಾಸ್ತ್ರ ಬರೆದವರಿಗೂ ಅನಿಸಿರಲಿಕ್ಕಿಲ್ಲ.

ಪಡಸಾಲೆಯಲ್ಲಿ ಮಾತು ನಿಂತಿತು. ಹೊಸ ಜಮಖಾನೆ, ಗುರುತಿಲ್ಲದ ಮನೆ. ಮೊದಲು ಯಾರು ಉಗುಳಬೇಕು? ಮಾತುಕತೆ ನಡೆಸಬೇಕಾಗಿದ್ದ ಹುಡುಗನ ದೊಡ್ಡಪ್ಪ ಬೀಜಗಳನ್ನು ಒಂದು ದವಡೆಗೆ ಸೇರಿಸಿಕೊಳ್ಳುತ್ತ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು. ಹುಡುಗನ ವೈನಿ, ಅಣ್ಣನ ಹೆಂಡತಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಮೌನವನ್ನು ಅಪ್ಪ ಮೆಚ್ಚುಗೆ ಎಂದು ತಿಳಿದ.

“ಇನ್ನೊಂದ ತಗೋರಿ,” ಅಂದ.

“ಹೂಂ,” ಅಂದರು ದೊಡ್ಡಪ್ಪ. ಅವರ ಬಾಯಿಂದ ಬೇರೆ ಅಕ್ಷರ ಹೊರಡುವಂತಿರಲಿಲ್ಲ. ಅಪ್ಪ ಇನ್ನೊಂದು ಕೊಟ್ಟ.

ಕೊನೆಗೆ ಅವರ ನಡುವೆ ಕೂತಿದ್ದ ಆಯಿ ನನ್ನ ಕಡೆ ತಿರುಗಿದರು. “ತಂಗಿ, ಒಂದ ಖಾಲಿ ತಾಟು ತಗೊಂಡ ಬಾ. ನಮ್ಮ ಮಂದಿ ಮರ್ಯಾದಿಗೆ ಅಂಜಿ ಬೀಜ ನುಂಗಿ ಸಾಯ್ತಾರ.”

ತಾಟು ತಂದು ನಡುವೆ ಇಟ್ಟೆ. ಮೊದಲ ಬೀಜ ಆಯಿಯದು, ಸ್ಟೀಲಿನ ಮೇಲೆ ಟಣ್ಣೆಂದಿತು. ಆಮೇಲೆ ನಮ್ಮ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಆಲಿಕಲ್ಲು ಬಿದ್ದ ಸದ್ದು.

“ನೀ ಯಾಕ ತಿನ್ನವಲ್ಲಿ?” ಎಂದರು ಆಯಿ.

“ಒಬ್ಬಾಕಿನ ಇದ್ದಾಗ ತಿಂತೇನ್ರಿ.”

“ಹಂಗಾದ್ರ ನಮ್ಮ ಮನಿಗೆ ಬಂದ್ರ ನಿನಗ ಈ ಹಣ್ಣ ತಿನ್ನೂದು ತಪ್ಪಿತು ಬಿಡು.”

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಏಕೆಂದರೆ ನನ್ನ ತೊಂದರೆಯನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ಹುಡುಗನೂ ನಗಲಿಲ್ಲ. ಅವನ ಕೈಯಲ್ಲಿದ್ದದ್ದು ಸೊಟ್ಟ ಹಣ್ಣು. ಅದನ್ನು ತಿರುಗಿಸಿ ನೋಡುತ್ತ ಕೇಳಿದ: “ಇದು ಈ ಕಡಿಗೆ ಯಾಕ ಹಿಂಗ ಚಪ್ಪಟಿ ಆಗೇತ್ರಿ?”

ನಾನು ಸಲೀಸಾಗಿ ಮಾತಾಡುವ ವಿಷಯಗಳು ಕಡಿಮೆ, ಅದರಲ್ಲಿ ಇದೊಂದು. ಹೂವಿನಿಂದ ಶುರು ಮಾಡಿ ಪೂರ್ತಿ ಹೇಳಿದೆ. ಅಂಡಾಶಯ ಎಂಬ ಶಬ್ದ ನಮ್ಮ ಪಡಸಾಲೆಯಲ್ಲಿ ಕೇಳಿಬಂದದ್ದು ಅಂದೇ ಮೊದಲು. ವೈನಿಯ ಸೆರಗು ಮತ್ತೆ ಬಾಯಿಗೆ ಹೋಯಿತು. ಅವ್ವ ಚಹಾದ ಕಪ್ಪುಗಳನ್ನು ಎಣಿಸತೊಡಗಿದಳು. “ಪರಾಗ ಸಿಗದವು ಬೆಳೆಯಂಗಿಲ್ರಿ. ಆದ್ರ ಉದುರಿ ಹೋಗಿಲ್ಲ, ಅಲ್ಲೇ ಅದಾವು,” ಎಂದು ಮುಗಿಸಿದೆ.

“ನಮ್ಮ ಮನ್ಯಾಗ ನಾನು ಈ ಕಡಿಯಾಂವ,” ಅಂದ ಅವನು.

“ಯಾಕಪಾ, ನಿನಗ ಊಟಕ್ಕ ಹಾಕಿಲ್ಲೇನು?” ದೊಡ್ಡಪ್ಪನ ಬಾಯಿ ಈಗ ಖಾಲಿಯಾಗಿತ್ತು.

“ಊಟ ಹಾಕೀರಿ. ಮಾತಾಡಾಕ ಸಂದಿ ಎಲ್ಲಿ ಕೊಟ್ಟೀರಿ?”

ಆ ಸಂದಿಯಲ್ಲಿ ನಾನು ನುಗ್ಗಿದೆ. “ಕೋಣಿಗೆ ಚಿಲಕ ಐತೇನ್ರಿ?”

ಪಡಸಾಲೆ ಮತ್ತೆ ಸುಮ್ಮನಾಯಿತು, ಈ ಸಲ ಬಾಯಲ್ಲಿ ಬೀಜವಿಲ್ಲದೆ. ಆಯಿ ವಿಚಾರ ಮಾಡಿ ಹೇಳಿದರು: “ಐತಿ. ಹೊರಗಿನಿಂದ ಐತಿ. ಬೆಕ್ಕು ಹೋಗ್ತದಂತ ಹಾಕಿಸೇವಿ. ಒಳಗ ಯಾಕ ಬೇಕವ್ವಾ?”

“ಓದಾಕ್ರಿ.”

“ಓದಾಕ,” ಎಂದು ಆಯಿ ಮೆಲ್ಲಗೆ ಇನ್ನೊಮ್ಮೆ ಅಂದರು. ಚಿಲಕ ಇಲ್ಲದೆ ಏನೇನು ಓದಬಹುದು ಎಂದು ಅಳೆಯುವಂತಿತ್ತು. ಅವರು ಹೋದ ಮೇಲೆ ಅವ್ವ ಬೀಜದ ತಾಟು ಎತ್ತಿಕೊಂಡಳು. ಅದರಲ್ಲಿ ನಮ್ಮ ಬೀಜ ಯಾವುದು, ಅವರದ್ದು ಯಾವುದು ಎಂದು ಹೇಳಲು ಬರುವಂತಿರಲಿಲ್ಲ.

“ಚಿಲಕದ ಮಾತು ಕೇಳಿದ ಮ್ಯಾಲೆ ಇನ್ನ ಅವರೇನ ಬರಂಗಿಲ್ಲ ಬಿಡು,” ಅಂದಳು.

ಇಂಡಿಗೆ ಮರಳಿ ಬಂದೆ. ಎರಡು ಹಣ್ಣುಗಳು ತಲೆಯಲ್ಲಿ ಕೂತವು. ರಾಮಫಲವೂ ಸೀತಾಫಲವೂ ಒಂದೇ ಕುಲದವು, ಹೂವಿನೊಳಗಿನ ಸಂಸಾರವೂ ಒಂದೇ ಬಗೆ. ಆದರೆ ರಾಮಫಲದಲ್ಲಿ ಅಂಡಾಶಯಗಳು ಎಷ್ಟು ಬೆರೆತುಹೋಗುತ್ತವೆಂದರೆ ಹೊರಗೆ ನುಣುಪು ಸಿಪ್ಪೆ, ಅದರ ಮೇಲೆ ತೆಳು ಗೆರೆ. ಯಾರು ಎಲ್ಲಿದ್ದರೋ ಗುರುತಿಲ್ಲ. ಸೀತಾಫಲ ಒಂದಾದ ಮೇಲೂ ಪ್ರತಿಯೊಂದರ ಉಬ್ಬು ಪ್ರತಿಯೊಂದಕ್ಕೆ ಬಿಟ್ಟಿರುತ್ತದೆ. ನಾಲತವಾಡದ ಮನೆ ರಾಮಫಲವಾದರೆ ಬ್ಯಾಡ ಅನ್ನುವುದೆಂದು ನಿಶ್ಚಯಿಸಿದೆ. ಅದು ಯಾವುದೆಂದು ತಿಳಿಯುವ ದಾರಿ ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮುಂದಿನ ರವಿವಾರ ಮೊಬೈಲಿಗೆ ಒಂದು ಫೋಟೊ ಬಂತು. ಕದ, ಕದದ ಒಳಮಗ್ಗುಲಿಗೆ ಹೊಸ ಹಿತ್ತಾಳೆಯ ಚಿಲಕ. ಅದರ ಹಿಂದೆಯೇ ಹುಡುಗ ಮಾತಾಡಿ ಕಳಿಸಿದ್ದ ಸಂದೇಶ: “ಹಾಕಿಸೇನ್ರಿ. ಬರ್ತೀರಿ ಅಂತಲ್ಲ, ನನಗೂ ಬೇಕಾಗಿತ್ತು. ಮನ್ಯಾಗ ಎಲ್ಲಾರೂ ಬಂದು ಒಮ್ಮೊಮ್ಮೆ ಹಾಕಿ ತಗದು ನೋಡ್ಯಾರ. ಆಯಿ ಒಳಗ ಹೋಗಿ ಹಾಕ್ಕೊಂಡಾಕಿ ಸಂಜಿತನಕ ಹೊರಗ ಬರಲಿಲ್ಲ. ಕದ ಬಡದ್ರ, ಮದಿವಿ ಆದಾಗಿಂದ ಹಿಂಗ ನಿದ್ದಿ ಹತ್ತಿರಲಿಲ್ಲ, ಸುಮ್ಮನ ಹೋಗ್ರಿ ಅಂದ್ಲು. ಈಗ ವೈನಿಗೋಳೂ ತಮ್ಮ ಕೋಣಿಗೆ ಒಂದೊಂದು ಕೇಳಾಕತ್ತಾರ.”

ಅದನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಹಿಂದಿನ ಸದ್ದಿಗೂ ಕಿವಿಗೊಟ್ಟೆ. ಯಾರೋ ರೊಟ್ಟಿ ಬಡಿಯುತ್ತಿದ್ದರು, ಯಾರೋ ಯಾರನ್ನೋ ಬೈಯುತ್ತಿದ್ದರು, ಇನ್ನೆಲ್ಲೋ ಒಂದು ಚಿಲಕ ಬಿದ್ದ ಸದ್ದು. ಅಷ್ಟು ಜನ ಸೇರಿ ಪರೀಕ್ಷಿಸಿದ ಚಿಲಕ ಗಟ್ಟಿಯಾಗಿಯೇ ಇರಬೇಕು.

ಊರಿಂದ ತಂದಿದ್ದ ಕೊನೆಯ ಸೀತಾಫಲ ಹಣ್ಣಾಗಿತ್ತು. ಒಡೆದು ತಿನ್ನತೊಡಗಿದೆ. ಅರ್ಧಕ್ಕೆ ನೆನಪಾಯಿತು, ಈ ಸಲ ಬಾಗಿಲಿಗೆ ಚಿಲಕ ಹಾಕಿಲ್ಲ ಎಂದು. ಏಳಬೇಕೆನಿಸಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಎತ್ತಿದೆ.

“ನಾಲತವಾಡದವರು ಕೇಳಾಕತ್ತಾರವಾ,” ಅಂದ ಅಪ್ಪ. “ಏನ ಹೇಳ್ಲಿ?”

ಬಾಯಿ ತುಂಬ ಬೀಜವಿದ್ದಾಗ ಹೇಳಲು ಬರುವ ಮಾತು ಒಂದೇ. ಅದನ್ನೇ ಹೇಳಿದೆ.