ಕಟಿಂಗ್ ಮಾಸ್ಟರ್ ಬೆಟ್ಟದೂರಿಗೆ ಹೋದದ್ದು

ನಮ್ಮ ಬೀದಿಯಲ್ಲಿ ಕೋಟು ಹೊಲಿಸುವವರಿಗೆಲ್ಲ ಒಬ್ಬರೇ ಮಾಸ್ಟರ್. ಹೊಲಿಯುವ ಕೈಗಳು ಅಂಗಡಿಯಲ್ಲಿ ಬೇರೆ ಇದ್ದವು. ಇವರದು ಬಟ್ಟೆ ಕತ್ತರಿಸುವ ಕೆಲಸ. ಎತ್ತರದ ಮೇಜಿನ ಮುಂದೆ ದಿನವಿಡೀ ನಿಂತು, ಕೊರಳಿಗೆ ಟೇಪು ನೇತುಹಾಕಿಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಉಸಿರು ಬಿಗಿಹಿಡಿದು ಕತ್ತರಿ ಆಡಿಸುತ್ತಿದ್ದರು.

ಅಂಗಡಿಯ ಯಜಮಾನ ಅವರಿಗಿಂತ ತುಂಬ ಚಿಕ್ಕವನು. ತಂದೆ ತೀರಿಕೊಂಡು ಅಂಗಡಿ ತಲೆಮೇಲೆ ಬಿದ್ದಾಗ ಅವನಿಗೆ ಗುಂಡಿ ಹೊಲಿಯಲೂ ಬರುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು, ಗಿರಾಕಿಯ ಹೊಟ್ಟೆಯ ಅಳತೆಯನ್ನು ಅವನ ಮುಖ ಬಾಡದಂತೆ ಕೂಗಿ ಹೇಳುವವರೆಗೆ ಎಲ್ಲವನ್ನೂ ಕಲಿಸಿದವರು ಮಾಸ್ಟರೇ. ಅವನು ಇವರನ್ನು ಅಣ್ಣಾ ಎಂದೇ ಕರೆಯುತ್ತಿದ್ದ. ಮಕ್ಕಳಿಲ್ಲದ ಮಾಸ್ಟರ್ ದಂಪತಿಗೆ ಅವನು ತಮ್ಮನೂ ಹೌದು, ಮಗನೂ ಹೌದು.

ಒಂದು ದಿನ ಅವನೇ ಮಾತು ತೆಗೆದ. "ಅಣ್ಣಾ, ನೀವು ರಜೆ ಹಾಕಿದ್ದನ್ನ ನಾನು ಕಂಡೇ ಇಲ್ಲ. ಅತ್ತಿಗೇನ ಕರ್ಕೊಂಡು ಎರಡು ದಿನ ಆ ಬೆಟ್ಟದೂರಿಗೆ ಹೋಗ್ಬನ್ನಿ."

"ಇಷ್ಟು ಬಟ್ಟೆ ಗುಡ್ಡೆ ಬಿದ್ದಿದೆ, ಕತ್ತರಿ ನಿಮ್ಮಜ್ಜ ಹಿಡೀತಾನಾ?"

"ಅದೆಲ್ಲ ನಾನು ನೋಡ್ಕೋತೀನಿ. ನೀವು ಹೊರಡಿ."

ಮಾಸ್ಟರಿಗೆ ಎದೆ ತುಂಬಿ ಬಂತು. ಆ ಬೆಟ್ಟದೂರು ಹಿಂದೆ ಬಿಳಿಯ ದೊರೆಗಳು ಬೇಸಿಗೆ ಕಳೆಯಲು ಕಟ್ಟಿಸಿದ್ದು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ತೋರಿಸುತ್ತೇನೆಂದು ಮಾತು ಕೊಟ್ಟು, ನಾಳೆ ನಾಳೆ ಎನ್ನುತ್ತಲೇ ತಲೆ ನರೆತಿತ್ತು. ಮನೆಗೆ ಬಂದು ಹೇಳಿದರೆ ಆಕೆ ಆಶ್ಚರ್ಯಪಡಲಿಲ್ಲ. "ಹೋಗೋಣ ಬಿಡಿ" ಎಂದು ಟ್ರಂಕಿನಿಂದ ಸ್ವೆಟರು ತೆಗೆದು ಕೊಡವಿದರು.

ಕೈ ಬಿಗಿಹಿಡಿದ ಪ್ರವಾಸ. ಸಾದಾ ಬಸ್ಸು, ಮನೆಯಿಂದಲೇ ಕಟ್ಟಿದ ಬುತ್ತಿ. ಇಳಿದುಕೊಂಡ ಲಾಡ್ಜು ದೊರೆಗಳ ಕಾಲದಲ್ಲಿ ಕುದುರೆ ಲಾಯವಾಗಿತ್ತಂತೆ. ಬಾಗಿಲಿನ ಮೇಲರ್ಧ ಬೇರೆ, ಕೆಳಗರ್ಧ ಬೇರೆಯಾಗಿ ತೆರೆಯುತ್ತಿತ್ತು. ಮಾಸ್ಟರ್ ಮೇಲರ್ಧ ತೆಗೆದು ತಲೆ ಹೊರಗೆ ಹಾಕಿ, "ಹುಲ್ಲು ಯಾವಾಗ ತರ್ತೀಯೇ?" ಎಂದರು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ದುಡ್ಡು ಕೇಳದ ಜಾಗಗಳನ್ನೆಲ್ಲ ನೋಡಿದರು. ಕಲ್ಲಿನ ಚರ್ಚು, ನಿಂತುಹೋದ ಗಡಿಯಾರದ ಗೋಪುರ, ಸದಸ್ಯರಲ್ಲದವರು ಒಳಗೆ ಬರಕೂಡದೆಂಬ ಬೋರ್ಡನ್ನು ಇನ್ನೂ ತೂಗಿಸಿಕೊಂಡಿದ್ದ ಕ್ಲಬ್ಬು. ಮರುದಿನ ಹಳೆಯ ಕಚೇರಿಯೊಂದರ ವಸ್ತುಸಂಗ್ರಹಾಲಯಕ್ಕೆ ಹೋದಾಗ ಗಾಜಿನ ಪೆಟ್ಟಿಗೆಯೊಳಗೆ ಯಾರೋ ಅಧಿಕಾರಿಯ ಕೋಟು ನಿಂತಿತ್ತು. ಮಾಸ್ಟರ್ ಅಲ್ಲೇ ಬೇರು ಬಿಟ್ಟರು. ಮೂಗು ಗಾಜಿಗೆ ತಗುಲುವಷ್ಟು ಹತ್ತಿರ ಬಗ್ಗಿದರು. ಕಾವಲುಗಾರ ಹಿಂದೆ ಸರಿಯಿರೆಂದ.

"ಭುಜ ನೋಡೇ, ನೀರು ಇಳಿದ ಹಾಗೆ ಇಳಿದಿದೆ. ತಮ್ಮನಿಗೆ ಈಗಲೇ ಹೇಳ್ಬೇಕು. ಫೋನ್ ಕೊಡು."

"ಊರಿಗೆ ಹೋಗಿ ಹೇಳಿದ್ರಾಯ್ತು. ಕೆಲಸದಲ್ಲಿರ್ತಾನೆ."

"ಕೊಡೇ!"

ಮೆಟ್ಟಿಲ ಮೇಲೆ ಕೂತು ಅಂಗಡಿಗೆ ಹಚ್ಚಿದರು. ಅತ್ತಲಿಂದ ಅಪರಿಚಿತ ದನಿ.

"ಹೇಳಿ ಸಾರ್, ಕಟಿಂಗ್ ಮಾಸ್ಟರ್ ಮಾತಾಡ್ತಿರೋದು."

ನಂಬರು ತಪ್ಪಿತೆಂದುಕೊಂಡು ಅಂಗಡಿಯ ಹೆಸರು ಕೇಳಿದರು. ಅದೇ ಅಂಗಡಿ.

"ಕಟಿಂಗ್ ಮಾಸ್ಟರ್ ಊರಲ್ಲಿಲ್ವಲ್ಲಪ್ಪಾ," ಎಂದರು.

"ಹಳೇ ಮಾಸ್ಟರಾ ಸಾರ್? ಅವರು ಕೆಲಸ ಬಿಟ್ರಂತೆ. ಕಣ್ಣು ಸರಿಯಿಲ್ವಂತೆ ಪಾಪ. ಯಜಮಾನ್ರು ಟೀ ಕುಡಿಯೋಕೆ ಹೋಗಿದ್ದಾರೆ, ಏನಾದ್ರೂ ಹೇಳ್ಬೇಕಿತ್ತಾ?"

ಮಾಸ್ಟರ್ ಫೋನನ್ನು ಮಡಿಲಲ್ಲಿಟ್ಟುಕೊಂಡು ಪಕ್ಕಕ್ಕೆ ತಿರುಗಿದರು. ಹೆಂಡತಿ ಏನಾಯಿತೆಂದು ಕೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನಿಂಗೆ ಗೊತ್ತಿತ್ತಾ?"

"ಹೋದ ವಾರ ಅವನು ಮನೆಗೆ ಬಂದಿದ್ದ. ನೀವು ಕತ್ತರಿಸಿದ ಎರಡು ಕೋಟು ಕೆಟ್ಟುಹೋದ್ವಂತೆ. ಅಣ್ಣನ ಮುಖ ನೋಡ್ಕೊಂಡು ಹೇಗೆ ಹೇಳ್ಲಿ ಅತ್ತಿಗೆ ಅಂತ ಅತ್ತ. ಅಣ್ಣ ಇಲ್ದಾಗ ಹೊಸಬನ್ನ ಕೂರಿಸ್ತೀನಿ ಅಂದ. ವಾಪಸ್ ಹೋಗ್ತಿದ್ದ ಹಾಗೆ ನಾನೇ ಹೇಳ್ತೀನಿ ಅಂತ ಒಪ್ಕೊಂಡೆ."

"ನಂಗೊಂದು ಮಾತು ಹೇಳ್ಬಾರದಿತ್ತೇನೇ?"

"ಹೇಳಿದ್ರೆ ನೀವು ಇಲ್ಲಿಗೆ ಬರ್ತಿದ್ರಾ? ಎರಡು ದಿನ ನಗ್ತಾ ಇರ್ಲಿ ಅಂದ್ಕೊಂಡೆ."

"ಎಲ್ರೂ ಸೇರಿ ನನ್ನ ಮಗು ಮಾಡ್ಬಿಟ್ರಿ," ಎಂದು ಮಾಸ್ಟರ್ ಎದ್ದರು.

ಊರಿಗೆ ಬಸ್ಸಿದ್ದುದು ಮರುದಿನ ಬೆಳಿಗ್ಗೆಯೇ. ಸಂಜೆಯೆಲ್ಲ ಅವರು ಒಬ್ಬರೇ ಬೆಟ್ಟದೂರಿನ ಕೆರೆ ಸುತ್ತಿದರು. ಕಣ್ಣು ಮಂಜಾಗಿರುವುದು ಅವರಿಗೇನು ಗೊತ್ತಿರಲಿಲ್ಲವೇ? ಗೆರೆ ಎರಡೆರಡಾಗಿ ಕಾಣತೊಡಗಿದಾಗಿನಿಂದ ಬೆರಳಲ್ಲೇ ತಡವಿ ಕತ್ತರಿಸುತ್ತಿದ್ದರು. ಕೆಲಸ ಹೋಯಿತೆಂಬುದಕ್ಕಿಂತ, ತಾನು ಬೆನ್ನು ತಿರುಗಿಸುವುದನ್ನೇ ಮನೆಯವರೂ ಅಂಗಡಿಯವನೂ ಕೂಡಿ ಕಾದರೆಂಬುದೇ ಹೆಚ್ಚು ಚುಚ್ಚಿತು. ಕುದುರೆ ಲಾಯಕ್ಕೆ ಮರಳಿದಾಗ ಹೆಂಡತಿ ಕೈಚೀಲ ಕಟ್ಟಿಟ್ಟು ಕೂತಿದ್ದರು.

ಬಸ್ಸಿಳಿದವರೇ ಹೆಂಡತಿಯನ್ನು ಮನೆಗೆ ಕಳಿಸಿ, ಮಾಸ್ಟರ್ ನೇರ ಅಂಗಡಿಗೆ ನಡೆದರು. ಮೇಜಿನ ಹಿಂದೆ ತೆಳ್ಳಗಿನ ಯುವಕನೊಬ್ಬ ಇವರದೇ ಕತ್ತರಿ ಹಿಡಿದು ನಿಂತಿದ್ದ. ಯಜಮಾನ ಓಡಿ ಬಂದ.

"ಅಣ್ಣಾ, ಕೂತ್ಕೊಳ್ಳಿ. ನಾನೇ ಮನೆಗೆ ಬರ್ಬೇಕು ಅಂತಿದ್ದೆ. ನೀವು ಸುಮ್ನೆ ಬಂದು ಕೂತಿರಿ, ಸಂಬಳ ನಿಲ್ಸಲ್ಲ."

"ಸುಮ್ನೆ ಕೂರೋಕೆ ನಾನೇನು ಅಂಗಡಿ ಮುಂದಿನ ಬೊಂಬೇನಾ?" ಮಾಸ್ಟರ್ ದನಿ ಏರಿಸಲಿಲ್ಲ. "ಕೋಟು ಕೆಟ್ಟಿದ್ರೆ ನನ್ನ ಕರೆದು ತೋರಿಸ್ಬೇಕಿತ್ತು ಕಣೋ. ನಿನ್ನ ತಪ್ಪು ಹೊಲಿಗೆಯನ್ನ ನಾನು ಯಾವತ್ತಾದ್ರೂ ನಿನ್ನ ಹಿಂದೆ ಬಿಚ್ಚಿದ್ದೀನಾ? ಮುಂದೆ ಕೂರಿಸ್ಕೊಂಡೇ ಬಿಚ್ಚಿಸ್ತಿದ್ದೆ."

ಹೊಸಬ ತಲೆ ತಗ್ಗಿಸಿ ಕತ್ತರಿಯನ್ನು ಒರೆಸಿ, ಹಿಡಿಯನ್ನು ಇವರತ್ತ ತಿರುಗಿಸಿ ಕೊಟ್ಟ. ಅದನ್ನು ತೆಗೆದುಕೊಂಡು ಮಾಸ್ಟರ್ ಇಳಿದು ಹೋದರು.

ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿದರೆ, ಕಣ್ಣಿಗೆ ಪೊರೆ ಬಂದಿದೆ, ಅಷ್ಟೇ ಎಂದರು. ಪೊರೆ ತೆಗೆಸಿದ ಮೇಲೆ ದಾರದ ಎಳೆ ಎಳೆಯೂ ಕಾಣತೊಡಗಿತು. ಸುದ್ದಿ ಕೇಳಿ ಯಜಮಾನ ಹಣ್ಣು ಹಿಡಿದು ಬಂದು ಹೊಸ್ತಿಲಲ್ಲಿ ನಿಂತ, ಮತ್ತೆ ಬನ್ನಿ ಎಂದು ಗೋಗರೆದ. ಮಾಸ್ಟರ್ ಅವನನ್ನು ಒಳಗೆ ಕರೆದು ಕೂರಿಸಿದರು, ಹೆಂಡತಿಗೆ ಟೀ ಮಾಡಲು ಹೇಳಿದರು. ಕೆಲಸದ ಮಾತಿಗೆ ಮಾತ್ರ "ಆ ಹುಡುಗನ ಹೊಟ್ಟೆ ಮೇಲೆ ಹೊಡೀಬೇಡ" ಎಂದು ಎದ್ದುಬಿಟ್ಟರು. ಈಗ ಮನೆಯ ಮುಂದಿನ ಕೋಣೆಯಲ್ಲೇ ಕತ್ತರಿಸಿ ಕೊಡುತ್ತಾರೆ. ಗಿರಾಕಿಗಳು ಬರುತ್ತಾರೆ, ಹೊಟ್ಟೆಗೇನೂ ಕೊರತೆಯಿಲ್ಲ.

ಹೆಂಡತಿಯೊಡನೆ ಮಾತು ಬಿಟ್ಟಿಲ್ಲ. ಊಟ, ನಗು, ತಕರಾರು ಎಲ್ಲ ಮೊದಲಿನಂತೆಯೇ. ಆದರೆ ಮೊನ್ನೆ ಆಕೆ ಬಟ್ಟೆ ಮಡಚುತ್ತ, "ಒಂದ್ಸಲ ಸಮುದ್ರ ನೋಡಿ ಬರೋಣ್ವಾ?" ಎಂದು ಕೇಳಿದಾಗ, ಮಾಸ್ಟರ್ ಸೀಮೆಸುಣ್ಣ ಕೆಳಗಿಟ್ಟು ಆಕೆಯನ್ನೇ ನೋಡಿದರು.

"ಈ ಸಲ ಏನು ಮುಚ್ಚಿಟ್ಟಿದ್ದೀಯ, ಮೊದಲು ಹೇಳ್ಬಿಡು."

ತಮಾಷೆಯೆಂದುಕೊಂಡು ನಗಲು ಹೊರಟ ಆಕೆ, ಅವರ ಮುಖ ಕಂಡು ಬಟ್ಟೆ ಅಲ್ಲೇ ಬಿಟ್ಟು ಒಳಗೆ ಹೋದರು.