ಮೂಗಣ್ಣ ಮೂಸದ ಗಾಳಿ

ಕೆಲಸದ ಜಾಗದಲ್ಲಿ ಅವನನ್ನು ಎಲ್ಲರೂ ಮೂಗಣ್ಣ ಎನ್ನುತ್ತಿದ್ದರು. ಮನೆಮನೆಗೆ ಹೋಗಿ ಏಸಿ ತೊಳೆದು, ಹೀಟರ್ ರಿಪೇರಿ ಮಾಡಿ, ಗಾಳಿ ಓಡಾಡುವ ದಾರಿಗಳನ್ನು ಚೊಕ್ಕ ಮಾಡುವುದು ಅವನ ಕಸುಬು. ಮೆಷಿನ್ ಹಾಕಿದರೆ ಏನೋ ವಾಸನೆ ಎಂಬ ದೂರು ಬಂದರೆ ಮೇಸ್ತ್ರಿ ಬೇರೆ ಯಾರನ್ನೂ ಕಳಿಸುತ್ತಿರಲಿಲ್ಲ. ಮೂಗಣ್ಣ ಹೋಗಿ ಮುಚ್ಚಳ ಬಿಚ್ಚುತ್ತಿದ್ದ. ಒದ್ದೆ ಬಟ್ಟೆಯಿಂದ ಒಳಗನ್ನು ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟುತ್ತಿದ್ದ.

"ನಾಳೆ ಬಂದು ಹೇಳ್ತೀನಿ. ಅಲ್ಲೀವರೆಗೂ ಕಿಟಕಿ ತೆಗೆದಿಡಿ."

ಮರುದಿನ ಅವನು ಹೇಳಿದ್ದು ಸುಳ್ಳಾಗುತ್ತಿರಲಿಲ್ಲ.

ನಿಜವೆಂದರೆ ಅವನಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಮೂಗಿನ ಶಕ್ತಿಯನ್ನೂ ಒಯ್ದಿತು. ಒಲೆಯ ಮೇಲೆ ಹಾಲು ಸೀದು ಕಪ್ಪಾಗುತ್ತಿದ್ದಾಗ ಅವನು ಪಕ್ಕದಲ್ಲೇ ಕುಳಿತು ಪೇಪರ್ ಓದುತ್ತಿದ್ದ. ಹೆಂಡತಿ ಓಡಿ ಬಂದು ಅವನ ಮುಖ ನೋಡಿದಳು. ಬೈಯಲಿಲ್ಲ. ಅಂದಿನಿಂದ ಅವನ ಮೂಗಿನ ಕೆಲಸ ಅವಳದಾಯಿತು. ಸಂಜೆ ಇಬ್ಬರೂ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಅವನು ಗಂಟು ಬಿಚ್ಚಿದರೆ ಅವಳು ಕಣ್ಣು ಮುಚ್ಚಿ ಮೂಸುತ್ತಿದ್ದಳು. "ಬರೀ ಬೂಷ್ಟು ಕಣ್ರೀ." "ಅಯ್ಯೋ, ಒಳಗೆ ಇಲಿ ಸತ್ತಿದೆ, ದೂರ ಹಿಡೀರಿ!" ಅವಳು ಮೂಗು ಮುಚ್ಚಿಕೊಂಡು ನಗುವಾಗ ಅವನೂ ನಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಮನೆಯಲ್ಲಿ ಉಳಿದವರು ಅವನು, ಅವಳ ತಾಯಿ. ಬಂದವರೆಲ್ಲ ಅತ್ತು ಹೋದರು. ಅವನಿಗೆ ಅಳು ಬರಲಿಲ್ಲ. ಫಿಲ್ಟರ್ ತೊಳೆದ, ಸ್ಕ್ರೂ ಬಿಗಿ ಮಾಡಿದ, ಬಸ್ಸು ಹತ್ತಿದ, ಇಳಿದ. ಎಲ್ಲ ವಾಸನೆಗೂ ಬೂಷ್ಟು ಎಂದು ಹೇಳತೊಡಗಿದ. ಬಹಳಷ್ಟು ಮನೆಗಳಲ್ಲಿ ಇರುವುದು ಅದೇ ಆದ್ದರಿಂದ ದಿನ ಸಾಗಿತು. ಆಮೇಲೆ ಒಂದು ಮನೆಯಲ್ಲಿ ಬೂಷ್ಟು ಎಂದದ್ದು ಕೊಳೆತ ಪಾರಿವಾಳವಾಗಿತ್ತು.

"ಏನೋ ಮೂಗಣ್ಣ, ಮೂಗನ್ನ ಅಡ ಇಟ್ಟು ಬಂದಿದೀಯಾ?" ಎಂದ ಮೇಸ್ತ್ರಿ. ಆಮೇಲೆ ದನಿ ತಗ್ಗಿಸಿದ. "ನಿನ್ನ ಕಷ್ಟ ಗೊತ್ತು ಕಣಯ್ಯ. ಆದ್ರೆ ಇನ್ನೊಂದು ಸಲ ಹಿಂಗಾದ್ರೆ ನಿನ್ನ ಗೋಡೌನಿಗೆ ಹಾಕ್ಬೇಕಾಗುತ್ತೆ. ಆಮೇಲೆ ನನ್ನ ಬೈಕೋಬೇಡ."

ಗೋಡೌನೆಂದರೆ ದಿನವಿಡೀ ರಟ್ಟಿನ ಪೆಟ್ಟಿಗೆ ಎತ್ತಿಡುವುದು. ಇಪ್ಪತ್ತು ವರ್ಷದ ಕೈಕಸುಬು ಅಲ್ಲಿಗೆ ಮುಗಿದಂತೆ.

ಚಳಿ ಶುರುವಾದಾಗ ಒಬ್ಬ ಬಾಣಂತಿಯ ಮನೆಯಿಂದ ಕರೆ ಬಂತು. ಗೋಡೆಯ ಮೆಷಿನ್ ಬಿಸಿಗಾಳಿ ಬಿಡುವಾಗ ಏನೋ ವಾಸನೆ. ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಸಂದುಗಳಿಗೆ ಹಳೇ ಬಟ್ಟೆ ತುರುಕಿದ್ದರು. ಮಂಚದ ಮೇಲೆ ಮಗು ಮುಷ್ಟಿ ಬಿಗಿದು ಮಲಗಿತ್ತು. ಮೂಗಣ್ಣ ಮುಂದಿನ ಮುಚ್ಚಳ ತೆಗೆದು ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿದ. ಬೂಷ್ಟು ಎನ್ನಲು ಬಾಯಿ ತೆರೆದವನು, ಮಗುವನ್ನು ನೋಡಿ, "ನಾಳೆ ಹೇಳ್ತೀನಿ" ಎಂದ.

"ಮಗು ಇದೆ ಅಣ್ಣ, ಚಳಿ. ಹಾಕ್ಕೊಂಡಿರಬಹುದಾ?"

"ಹಾಕ್ಕೊಳ್ಳಿ" ಎಂದುಬಿಟ್ಟ.

ಮನೆಗೆ ಬಂದಾಗ ಅತ್ತೆ ಬಟ್ಟೆ ಮಡಚುತ್ತಿದ್ದರು. ಮಗಳು ಹೋದ ಮೇಲೆ ಇಬ್ಬರ ನಡುವೆ ಮಾತು ಊಟ ಆಯ್ತಾ, ಆಯ್ತು ಎಂಬಷ್ಟಕ್ಕೆ ಬಂದು ನಿಂತಿತ್ತು. ಅವನು ಕವರನ್ನು ಮುಂದೆ ಹಿಡಿದ.

"ಅತ್ತೆ, ಇದನ್ನ ಸ್ವಲ್ಪ ಮೂಸಿ ನೋಡ್ತೀರಾ?"

"ಏನು ಅಳಿಯಂದ್ರೇ, ವಯಸ್ಸಾದೋಳ ಹತ್ರ ತಮಾಷೆನಾ?"

"ತಮಾಷೆ ಅಲ್ಲ. ನನಗೆ ವಾಸನೆ ಗೊತ್ತಾಗಲ್ಲ."

"ನೆಗಡಿನಾ?"

"ಇಲ್ಲ. ಆವಾಗ ಜ್ವರ ಬಂದಿತ್ತಲ್ಲ, ಅವತ್ತಿಂದ. ಇರೋವರೆಗೂ ಅವಳೇ ಮೂಸಿ ಹೇಳ್ತಿದ್ದಳು."

ಅತ್ತೆಯ ಕೈಯಲ್ಲಿದ್ದ ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು.

"ಅದಕ್ಕಾ ದಿನಾ ಬಾಲ್ಕನಿಗೆ ಹೋಗಿ ಬಾಗಿಲು ಹಾಕ್ಕೋತಿದ್ದಿದ್ದು? ಗಂಡ ಹೆಂಡ್ತಿ ಸೇರ್ಕೊಂಡು ನನ್ನ ಆಡ್ಕೋತೀರಿ ಅಂದ್ಕೊಂಡಿದ್ದೆ ನಾನು."

"ಇಲ್ಲ ಅತ್ತೆ."

"ಎಷ್ಟು ದಿನ ನಾನು ಅವಳ ಹತ್ರ ಮುಖ ಊದಿಸ್ಕೊಂಡು ಕೂತಿದ್ನೋ. ಕೊಡು ಇಲ್ಲಿ."

ಅವರು ಗಂಟನ್ನು ಹಲ್ಲಿನಿಂದ ಬಿಡಿಸಿ ಕವರಿಗೆ ಮೂಗು ಇಟ್ಟರು. ತಕ್ಷಣ ಹಿಂದೆ ಸರಿದರು.

"ಇದು ಬೂಷ್ಟೂ ಅಲ್ಲ, ಗೀಷ್ಟೂ ಅಲ್ಲ. ವಯರು ಸುಟ್ಟಿದ್ದು. ನಮ್ಮ ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಬಂದಿತ್ತು ನೋಡು, ಥೇಟ್ ಅದೇ."

ಅವನು ಆ ಮನೆಗೆ ಫೋನ್ ಮಾಡಿ, "ಮೆಷಿನ್ ನಿಲ್ಲಿಸಿ, ಮೇನ್ ಸ್ವಿಚ್ ಆಫ್ ಮಾಡಿ" ಎಂದ. ಬಾಣಂತಿ ಎರಡು ಸಲ ಏನು ಏನು ಎಂದು ಕೇಳಿದಳು. ಅವನು ಎರಡು ಸಲವೂ ಒಂದೇ ದನಿಯಲ್ಲಿ ಹೇಳಿದ.

ಬೆಳಿಗ್ಗೆ ಹೋಗಿ ಒಳಗಿನ ಪೆಟ್ಟಿಗೆ ಬಿಚ್ಚಿದಾಗ ಹೀಟರಿನ ತಂತಿ ಕೂಡುವ ಜಾಗ ಕರಕಲಾಗಿತ್ತು, ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿತ್ತು. ಇನ್ನೊಂದು ರಾತ್ರಿ ಉರಿದಿದ್ದರೆ ಎಂದು ಯೋಚಿಸಲು ನೋಡಿದ. ಹೆದರಿಕೆ ಬರಬೇಕಿತ್ತು. ಬರಲಿಲ್ಲ. ಮಂಚದ ಮೇಲಿನ ಮಗು ಕಾಲು ಆಡಿಸುತ್ತಿತ್ತು. ನೋಡಿದ, ನೋಡುತ್ತಲೇ ಇದ್ದ. ಎದೆಯೊಳಗೆ ಏನೂ ಅಲುಗಲಿಲ್ಲ.

ಸುದ್ದಿ ಮೇಸ್ತ್ರಿಗೆ ಮೊದಲೇ ಮುಟ್ಟಿತ್ತು. "ಬಂತಲ್ಲಯ್ಯಾ ಮೂಗು ವಾಪಸ್! ಬಾರೋ, ಟೀ ಕುಡಿಯೋಣ."

ಹೂಂ ಎಂದಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತಿತ್ತು. ಆದರೆ ಹೆದರಿಕೆಯೇ ಇಲ್ಲದವನ ಬಾಯಿ ಕಟ್ಟುವವರಾರು?

"ಮೂಗು ನಂದಲ್ಲ. ನಮ್ಮತ್ತೆದು. ಅದಕ್ಕೆ ಮುಂಚೆ ನನ್ನ ಹೆಂಡ್ತಿದು. ಉರೀತಿರೋ ಮೆಷಿನ್ನನ್ನೇ ಹಾಕ್ಕೊಳ್ಳಿ ಅಂತ ಹೇಳಿ ಬಂದಿದ್ದೆ ನಿನ್ನೆ."

ಮೇಸ್ತ್ರಿ ನಕ್ಕ. ಮೂಗಣ್ಣ ನಗದಿದ್ದುದನ್ನು ಕಂಡು ನಿಲ್ಲಿಸಿದ. "ಮನೆಗಳಿಗೆ ಇನ್ನು ನಿನ್ನ ಕಳಿಸೋಕಾಗಲ್ಲ" ಎಂದು ಕೊನೆಗೆ ಹೇಳಿದ. ಮಾರನೆಯ ದಿನದಿಂದ ಗೋಡೌನು.

ಅತ್ತೆ ಕೇಳಿ ತಲೆ ಚಚ್ಚಿಕೊಂಡರು. "ಯಾಕಪ್ಪಾ ಬಾಯಿ ಬಿಟ್ಟೆ? ನಾನಿದ್ನಲ್ಲ!"

"ಕವರು ಮನೆಗೆ ಬರೋ ಹೊತ್ತಿಗೆ ಅಲ್ಲಿ ಮನೆ ಉರಿದ್ರೆ?"

ಅತ್ತೆ ಊಟಕ್ಕೆ ತಟ್ಟೆ ಹಾಕಿದರು. ಅವನ ಪಕ್ಕ ಬಂದು ನಿಂತವರು ಮೂಗು ಸಿಂಡರಿಸಿದರು.

"ಈ ಅಂಗಿ ತೊಟ್ಟು ಎಷ್ಟು ದಿನ ಆಯ್ತು? ಬೆವರು ನಾರ್ತಾ ಇದೆ."

"ಗೊತ್ತಾಗ್ಲಿಲ್ಲ."

"ಗೊತ್ತಾಗಲ್ಲ ಅಂತಾನೇ ಹೇಳ್ತಿರೋದು. ಹೋಗು, ಬಿಚ್ಚಿ ಹಾಕು."

ಅವನು ಎದ್ದು ಹೋಗಿ ಬೇರೆ ಅಂಗಿ ತೊಟ್ಟುಕೊಂಡು ಬಂದ. ಅತ್ತೆ ಇನ್ನೊಮ್ಮೆ ಹತ್ತಿರ ಬಂದು ಮೂಸಿ, ಸರಿ ಎನ್ನುವಂತೆ ತಲೆಯಾಡಿಸಿ ಬಡಿಸಿದರು.